ಎಂಟಿಬಿಯಿಂದ ರೋಡ್ ಬೈಕಿಗೆ: ಮಲೆನಾಡಿನ ರಸ್ತೆಗೆ ಸೈಕಲ್ ಆರಿಸುವುದು, ಮೈಗೆ ಹೊಂದಿಸುವುದು

ಚಿಕ್ಕಮಗಳೂರು, ಹಾಸನದ ಕಡೆ ಸೈಕಲ್ ತುಳಿಯುವವರಲ್ಲಿ ಬಹಳಷ್ಟು ಮಂದಿ ಶುರು ಮಾಡಿದ್ದು ಎಂಟಿಬಿಯಿಂದ, ಅಂದರೆ ಮೌಂಟನ್ ಬೈಕಿನಿಂದ. ಇಲ್ಲಿಗೆ ಅದು ಸರಿಯೇ. ಕಾಫಿ ತೋಟದ ಮಣ್ಣು ದಾರಿ, ಕೆರೆ ಏರಿ, ಬೆಟ್ಟದ ಕಲ್ಲು ಹಾದಿ, ಎಲ್ಲಿಗೆ ಹೋದರೂ ಅಗಲ ಟೈರು ಕಾಪಾಡುತ್ತದೆ. ಆಮೇಲೆ ಒಂದು ದಿನ ಮನಸ್ಸು ಟಾರು ರಸ್ತೆಯ ಕಡೆ ತಿರುಗುತ್ತದೆ. ಬೆಳಿಗ್ಗೆ ಹೊರಟು ಬೇಲೂರು, ಹಳೇಬೀಡು ಸುತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬೇಕು ಅನ್ನಿಸುತ್ತದೆ. ಇಲ್ಲವೇ ಯಾರೋ ಗೆಳೆಯರು 200 ಕಿ.ಮೀ. ಬ್ರೆವೆಗೆ ಹೆಸರು ಕೊಡು ಅನ್ನುತ್ತಾರೆ. ಬ್ರೆವೆ ಅಂದರೆ ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸುವ ಸವಾರಿ. ಇದರಲ್ಲಿ ಪಂದ್ಯ, ಬಹುಮಾನ ಇರುವುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಿಗುತ್ತದೆ. ತಿಂಡಿ, ಪಂಚರ್, ವಿಶ್ರಾಂತಿ ಎಲ್ಲ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಸರಾಸರಿ. ಎಂಟಿಬಿಯಲ್ಲೂ ಆಗುವ ಕೆಲಸವೇ. ಆದರೆ ಅಷ್ಟೂ ಹೊತ್ತು ಆ ಅಗಲ ಟೈರನ್ನು ಎಳೆದವರಿಗೆ ರೋಡ್ ಬೈಕ್ ಯಾಕೆ ಬೇಕು ಅಂತ ಬೇರೆಯವರು ಹೇಳಬೇಕಾಗಿಲ್ಲ.

ಸಮಸ್ಯೆ ಶುರುವಾಗುವುದು ಕೊಳ್ಳಲು ಹೋದಾಗ. ಎಂಟಿಬಿಯಲ್ಲಿ ಕಲಿತ ಲೆಕ್ಕವನ್ನೇ ಹಿಡಿದು ಹೋದರೆ ಸೈಜು ತಪ್ಪುತ್ತದೆ, ಗೇರು ಸಾಲುವುದಿಲ್ಲ, ಎರಡು ವಾರಕ್ಕೆ ಕುತ್ತಿಗೆ ನೋವು. ಅಂಗಡಿಯವರು ತೂಕ, ಕಾರ್ಬನ್, ಬ್ರ್ಯಾಂಡ್ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ನಮ್ಮ ರಸ್ತೆಗೆ ಮೊದಲು ನೋಡಬೇಕಾದದ್ದು ಬೇರೆ ಮೂರು: ಕೈ ಎಷ್ಟು ದೂರ ಚಾಚಬೇಕು, ಅತಿ ಹಗುರ ಗೇರು ಯಾವುದು, ಎಷ್ಟು ಅಗಲದ ಟೈರು ಹಿಡಿಯುತ್ತದೆ. ಈ ಮೂರು ಸರಿ ಇದ್ದರೆ ಒಂದು ಕಿಲೋ ತೂಕ ಜಾಸ್ತಿ ಇದ್ದರೂ ಚಿಂತೆಯಿಲ್ಲ.

ಮೈಯ ಭಾರ ಎಲ್ಲಿ ಬೀಳುತ್ತದೆ

ಎಂಟಿಬಿಯನ್ನು ಮಾಡಿರುವುದೇ ಎದ್ದು ನಿಂತು ಓಡಿಸಲಿಕ್ಕೆ. ಕಲ್ಲು ಬಂದ ಕೂಡಲೇ ಸೀಟು ಬಿಟ್ಟು ಏಳುತ್ತೀರಿ, ಮೊಣಕೈ ಹೊರಗೆ ತೆರೆಯುತ್ತದೆ, ಸೈಕಲ್ಲನ್ನು ಮೈಯ ಕೆಳಗೆ ಆಡಿಸುತ್ತೀರಿ. ಅದಕ್ಕೇ ಹ್ಯಾಂಡಲ್ ಅಗಲ, 740ರಿಂದ 800 ಮಿ.ಮೀ. ಹ್ಯಾಂಡಲ್ಲನ್ನು ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಕವಲಿಗೆ) ಹಿಡಿದಿರುವ ಚಿಕ್ಕ ತುಂಡು, ಅಂದರೆ ಸ್ಟೆಮ್, ಗಿಡ್ಡ. 35ರಿಂದ 50 ಮಿ.ಮೀ. ಇದ್ದರೆ ಹೆಚ್ಚು.

ರೋಡ್ ಬೈಕಿನಲ್ಲಿ ಗಂಟೆಗಟ್ಟಲೆ ಕೂತೇ ತುಳಿಯಬೇಕು. ಗಾಳಿಗೆ ಎದೆ ಒಡ್ಡದಂತೆ ಸ್ವಲ್ಪ ಬಾಗಬೇಕು. ಹ್ಯಾಂಡಲ್ ಭುಜದಷ್ಟೇ ಅಗಲ, ಹೆಚ್ಚಿನವರಿಗೆ 400ರಿಂದ 440 ಮಿ.ಮೀ. ಸ್ಟೆಮ್ 80ರಿಂದ 110 ಮಿ.ಮೀ. ಕೈ ಇಡಲು ಮೂರು ಜಾಗ. ಮೇಲಿನ ಅಡ್ಡಪಟ್ಟಿ ಒಂದು. ಬ್ರೇಕ್ ಲಿವರ್ ಕೂರಿಸಿರುವ ರಬ್ಬರ್ ಉಬ್ಬು ಎರಡನೆಯದು, ಅದನ್ನು ಹುಡ್ ಅನ್ನುತ್ತಾರೆ. ಕೆಳಗೆ ಬಾಗಿದ ಕೊಂಬು ಮೂರನೆಯದು, ಅದು ಡ್ರಾಪ್. ಸವಾರಿಯ ಬಹುಪಾಲು ಹೊತ್ತು ಕೈ ಇರುವುದು ಹುಡ್ ಮೇಲೆ. ಹಾಗಾಗಿ ಸೈಕಲ್ ಅಳೆಯುವಾಗಲೂ ಹುಡ್‌ವರೆಗಿನ ದೂರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಡ್ಡಪಟ್ಟಿ ಹಿಡಿದು ಅಂಗಡಿ ಮುಂದೆ ಒಂದು ಸುತ್ತು ಹೊಡೆದು "ಸರಿ ಇದೆ" ಅಂದುಕೊಳ್ಳಬೇಡಿ.

ಯಾವ ಬಗೆಯದ್ದು?

ಡ್ರಾಪ್ ಹ್ಯಾಂಡಲ್ಲಿನ ಸೈಕಲ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆ. ರೇಸ್ ಬೈಕಿನಲ್ಲಿ ಮುಂಭಾಗ ತಗ್ಗು, ಹ್ಯಾಂಡಲ್ ದೂರ. ಎಂಡ್ಯೂರೆನ್ಸ್ ಬೈಕಿನಲ್ಲಿ ಮುಂಭಾಗ ಸ್ವಲ್ಪ ಎತ್ತರ, ಅಗಲ ಟೈರಿಗೆ ಜಾಗ. ಗ್ರ್ಯಾವೆಲ್ ಬೈಕ್ ಇನ್ನೂ ಮುಂದೆ ಹೋಗಿ 40 ಮಿ.ಮೀ. ಅಥವಾ ಅದಕ್ಕೂ ಅಗಲದ ಟೈರು ಹಿಡಿಯುತ್ತದೆ.

ಹಾಸನದಿಂದ ಚನ್ನರಾಯಪಟ್ಟಣದ ಕಡೆಯ ಹೆದ್ದಾರಿಯಲ್ಲೇ ನಿಮ್ಮ ಸವಾರಿ ಅಂದರೆ ಮೊದಲೆರಡರಲ್ಲಿ ಯಾವುದಾದರೂ ನಡೆಯುತ್ತದೆ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಸಕಲೇಶಪುರದ ಒಳರಸ್ತೆಗಳಿಗೆ ನಾನು ಹೇಳುವುದು ಎಂಡ್ಯೂರೆನ್ಸ್. ತೋಟದ ದಾರಿಯ ಹಂಬಲವೂ ಬಿಡುವುದಿಲ್ಲ, ಎಂಟಿಬಿ ಮಾರಿಬಿಟ್ಟು ಒಂದೇ ಸೈಕಲ್ ಇಟ್ಟುಕೊಳ್ಳುತ್ತೀರಿ ಅಂದರೆ ಗ್ರ್ಯಾವೆಲ್. ಎಂಟಿಬಿ ಮನೆಯಲ್ಲೇ ಇರುತ್ತದೆ ಅಂದಮೇಲೆ ಗ್ರ್ಯಾವೆಲ್ ತಂದರೆ ಎರಡೂ ಅರ್ಧಂಬರ್ಧ ಒಂದೇ ಕೆಲಸ ಮಾಡುತ್ತವೆ. ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಿ.

ಸೈಜು: ಎಂಟಿಬಿಯ ನಂಬರು ಇಲ್ಲಿ ನಡೆಯದು

"ನನ್ನ ಎಂಟಿಬಿ ಮೀಡಿಯಂ, ಹಾಗಾಗಿ ರೋಡ್ ಬೈಕೂ ಮೀಡಿಯಂ" ಅನ್ನುವುದು ಎಲ್ಲಕ್ಕಿಂತ ಸಾಮಾನ್ಯ ಎಡವಟ್ಟು. ರೋಡ್ ಬೈಕ್ ಸೈಜನ್ನು 50, 52, 54, 56 ಅಂತ ಸೆಂಟಿಮೀಟರಿನಲ್ಲಿ ಹೇಳುವ ವಾಡಿಕೆ ಇದೆ. ಹಿಂದೆ ಅದು ಸೀಟಿನ ಕೆಳಗಿನ ಕೊಳವೆಯ ಉದ್ದ. ಈಗಿನ ಫ್ರೇಮುಗಳಲ್ಲಿ ಆ ಕೊಳವೆ ಬಹಳ ಸಲ ಗಿಡ್ಡ, ಹಾಗಾಗಿ ಸಂಖ್ಯೆ ಬರೀ ಗುರುತಿಗಷ್ಟೇ ಉಳಿದಿದೆ. ಒಂದು ಕಂಪನಿಯ 54, ಇನ್ನೊಂದರ 54 ಒಂದೇ ಅಳತೆ ಇರಬೇಕು ಅಂತೇನಿಲ್ಲ.

ನಂಬಬಹುದಾದ ಅಳತೆ ಎರಡು. ಎರಡೂ ಪೆಡಲ್ ತೋಳುಗಳು ಸೇರಿ ತಿರುಗುವ, ಫ್ರೇಮಿನ ಕೆಳಗಿನ ಅಚ್ಚಿನ ನಡುವಿನಿಂದ ಶುರು ಮಾಡಿ. ಅಲ್ಲಿಂದ ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆಯ ಮೇಲ್ತುದಿಯವರೆಗೆ ನೇರ ಮೇಲಕ್ಕೆ ಎಷ್ಟು ಎತ್ತರ ಅನ್ನುವುದು ಸ್ಟ್ಯಾಕ್. ನೇರ ಮುಂದಕ್ಕೆ ಎಷ್ಟು ದೂರ ಅನ್ನುವುದು ರೀಚ್. ಹೆಚ್ಚಿನ ಕಂಪನಿಗಳು ಫ್ರೇಮಿನ ಅಳತೆಗಳ ಪಟ್ಟಿಯಲ್ಲಿ, ಅಂದರೆ ಜಿಯೋಮೆಟ್ರಿ ಪಟ್ಟಿಯಲ್ಲಿ, ಈ ಎರಡನ್ನು ಕೊಡುತ್ತವೆ. ಎರಡು ರೋಡ್ ಬೈಕುಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆ ದಾರಿಯಿಲ್ಲ.

ಎಂಟಿಬಿಯ ರೀಚನ್ನು ರೋಡ್ ಬೈಕಿನ ರೀಚಿಗೆ ಹೋಲಿಸಿದರೆ ಮಾತ್ರ ದಾರಿ ತಪ್ಪುತ್ತೀರಿ. ಒಬ್ಬ 170 ಸೆಂ.ಮೀ. ಎತ್ತರದ ಸವಾರನನ್ನು ತೆಗೆದುಕೊಳ್ಳೋಣ. ಅವನ ಈಗಿನ ಎಂಟಿಬಿಯ ರೀಚ್ 440 ಮಿ.ಮೀ. ಆಸುಪಾಸು ಇರಬಹುದು. ಅವನಿಗೆ ಹೊಂದುವ ರೋಡ್ ಬೈಕಿನದ್ದು 375ರ ಸುತ್ತಮುತ್ತ. ಪಟ್ಟಿ ನೋಡಿದರೆ "ಅಯ್ಯೋ, ಇದು ಆರು ಸೆಂಟಿಮೀಟರ್ ಗಿಡ್ಡ, ಒಂದು ಸೈಜು ದೊಡ್ಡದು ತಗೊಳ್ಳೋಣ" ಅನ್ನಿಸುತ್ತದೆ.

ಈಗ ಕೈವರೆಗಿನ ಲೆಕ್ಕ ಹಾಕಿ. ಎಂಟಿಬಿಯಲ್ಲಿ 440ಕ್ಕೆ ಸ್ಟೆಮ್ 45 ಸೇರಿಸಿದರೆ 485. ಅದರಲ್ಲೂ ಹ್ಯಾಂಡಲ್ ತುದಿಗಳು ಸವಾರನ ಕಡೆಗೆ ಬಾಗಿರುವುದರಿಂದ ಹಿಡಿಕೆ ಇನ್ನೂ ಸ್ವಲ್ಪ ಹತ್ತಿರ ಬರುತ್ತದೆ. ರೋಡ್ ಬೈಕಿನಲ್ಲಿ 375ಕ್ಕೆ ಸ್ಟೆಮ್ 90 ಸೇರಿಸಿ, 465. ಅಲ್ಲಿಂದ ಹ್ಯಾಂಡಲ್ ಮುಂದಕ್ಕೆ ಚಾಚುವುದು ಇನ್ನು 75, ಒಟ್ಟು 540. ಹುಡ್ ಮೇಲೆ ಅಂಗೈ ಕೂರುವ ಜಾಗ ಇನ್ನೂ ಮುಂದಿದೆ. ಅಂದರೆ ಗಿಡ್ಡ ಕಂಡ ಸೈಕಲ್ಲಿನಲ್ಲೇ ಕೈ ಎಂಟು, ಹತ್ತು ಸೆಂಟಿಮೀಟರ್ ಮುಂದೆ ಹೋಗುತ್ತದೆ! ಲೆಕ್ಕ ಅಂದಾಜಿನದು. ಅಗಲ ಹ್ಯಾಂಡಲ್ ಹಿಡಿದಾಗ ಕೈ ಹರಡಿ ಎದೆ ತಾನಾಗಿ ಮುಂದೆ ಬರುವುದರಿಂದ, ಅಷ್ಟೂ ವ್ಯತ್ಯಾಸ ಮೈಗೆ ಗೊತ್ತಾಗುವುದಿಲ್ಲ. ಆದರೂ ಒಂದು ಸೈಜು ದೊಡ್ಡದು ತಂದವರ ಕೈ ಯಾಕೆ ಸೆಟೆದು ನಿಲ್ಲುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎರಡು ಫ್ರೇಮುಗಳ ರೀಚ್ ಹೋಲಿಸುವಾಗ ಸ್ಟ್ಯಾಕನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದಿನ ಕೊಳವೆ ಹಿಂದಕ್ಕೆ ವಾಲಿರುತ್ತದೆ, ಅಲ್ವಾ? ಹ್ಯಾಂಡಲ್ಲಿನ ಕೆಳಗೆ 10 ಮಿ.ಮೀ. ಬಳೆ (ಸ್ಪೇಸರ್) ಹಾಕಿ ಎತ್ತರಿಸಿದರೆ ಅದು ಸುಮಾರು 3 ಮಿ.ಮೀ. ಹಿಂದಕ್ಕೂ ಬರುತ್ತದೆ. ಹಾಗಾಗಿ ತಗ್ಗು ಫ್ರೇಮಿನ 380 ಮತ್ತು ಎತ್ತರದ ಫ್ರೇಮಿನ 380 ಒಂದೇ ಅಲ್ಲ. ತಗ್ಗಿನದನ್ನು ಬಳೆ ಹಾಕಿ ಅಷ್ಟೇ ಎತ್ತರಕ್ಕೆ ತಂದರೆ ಅದು ಗಿಡ್ಡವಾಗುತ್ತದೆ.

ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ? ಮೈ ಬಳುಕುವವರಿಗೆ, ಕಾಲು ಉದ್ದ ಇರುವವರಿಗೆ ಚಿಕ್ಕದು ತಗೊಂಡು ಸ್ಟೆಮ್ ಉದ್ದ ಮಾಡಿಕೊಳ್ಳುವುದು ಸುಲಭ. ದೊಡ್ಡದನ್ನು ತಂದು 60 ಮಿ.ಮೀ. ಸ್ಟೆಮ್ ಹಾಕಿ ಹತ್ತಿರ ಎಳೆದುಕೊಳ್ಳುವುದರಿಂದ ದೂರ ಸರಿಹೋಗಬಹುದು, ಆದರೆ ಸೈಕಲ್ ತಿರುಗುವ ಹದ ಕೆಡುತ್ತದೆ. ಚಿಕ್ಕ ಫ್ರೇಮಿನಲ್ಲಿ ಮಾತ್ರ ಒಂದನ್ನು ನೋಡಿಕೊಳ್ಳಿ. ಪೆಡಲ್ ಮುಂದೆ ಬಂದಾಗ ಬೂಟಿನ ತುದಿ, ತಿರುಗಿದ ಮುಂದಿನ ಚಕ್ರಕ್ಕೆ ತಾಗಬಹುದು. ವೇಗವಾಗಿ ಹೋಗುವಾಗ ಚಕ್ರ ಅಷ್ಟು ತಿರುಗುವುದೇ ಇಲ್ಲ. ಗಿರಿಯ ಹೇರ್‌ಪಿನ್‌ನಲ್ಲಿ ಆಮೆ ವೇಗದಲ್ಲಿ ಹತ್ತುವಾಗ ತಾಗುತ್ತದೆ. ಎಂಟಿಬಿಯವರಿಗೆ ಇದು ಹೊಸದು, ಮೊದಲೇ ಗೊತ್ತಿದ್ದರೆ ಬೀಳುವುದು ತಪ್ಪುತ್ತದೆ.

ಗಿರಿ ಹತ್ತುವ ಗೇರು

ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು, ರಾಜ್ಯದಲ್ಲೇ ಎತ್ತರದ ಶಿಖರ. ಕೈಮರ ದಾಟಿದ ಮೇಲೆ ರಸ್ತೆ ಏರುತ್ತಲೇ ಹೋಗುತ್ತದೆ. ಸೀತಾಳಯ್ಯನಗಿರಿಯಿಂದ ಆಚೆಗೆ ಕಿರಿದು, ಕಡಿದು. ಇಂಥ ಊರಿನಲ್ಲಿ ರೋಡ್ ಬೈಕ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಅತಿ ಹಗುರ ಗೇರು ಯಾವುದು ಅಂತ. ಅತಿ ವೇಗದ ಗೇರಿನ ಮಾತು ಆಮೇಲೆ.

ಗೇರಿನ ಲೆಕ್ಕ ಕಷ್ಟವಲ್ಲ. ಮುಂದೆ ಪೆಡಲ್ ಬಳಿ ಇರುವ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಚಕ್ರದ್ದರಿಂದ ಭಾಗಿಸಿ. ಬಂದ ಸಂಖ್ಯೆ ಅಂದರೆ ಪೆಡಲ್ ಒಂದು ಸುತ್ತು ಸುತ್ತಿದರೆ ಹಿಂದಿನ ಚಕ್ರ ಎಷ್ಟು ಸುತ್ತುತ್ತದೆ ಅಂತ. ಸಂಖ್ಯೆ ಚಿಕ್ಕದಾದಷ್ಟೂ ಏರು ಹಗುರ.

ಈಗಿನ ಎಂಟಿಬಿಯಲ್ಲಿ ಮುಂದೆ 32, ಹಿಂದೆ 51 ಹಲ್ಲು ಇರುವುದು ಮಾಮೂಲಿ. ಭಾಗಿಸಿದರೆ 0.63. ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಸಿಗುವ ಜೋಡಿ ಮುಂದೆ 50 ಮತ್ತು 34. ಹಿಂದೆ ದೊಡ್ಡದು 28 ಇದ್ದರೆ 34ನ್ನು 28ರಿಂದ ಭಾಗಿಸಿ, 1.21. ಅಂದರೆ ನಿಮ್ಮ ಎಂಟಿಬಿಯ ಹಗುರ ಗೇರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ! ಹಿಂದೆ 34 ಇದ್ದರೆ ಸರಿಯಾಗಿ 1.

ಇದನ್ನು ವೇಗಕ್ಕೆ ತಂದು ನೋಡಿ. ನಿಮಿಷಕ್ಕೆ 60 ಸುತ್ತು ಪೆಡಲ್ ತಿರುಗಿಸಿದರೆ ಎಂಟಿಬಿ ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ಹತ್ತುತ್ತದೆ. 34-34ರ ರೋಡ್ ಬೈಕ್ 7.7 ಕಿ.ಮೀ., 34-28ರದ್ದು 9.3 ಕಿ.ಮೀ. ಕಡಿದಾದ ಏರಿನಲ್ಲಿ ಗಂಟೆಗೆ 9 ಕಿ.ಮೀ. ಹತ್ತುವ ಶಕ್ತಿ ಇಲ್ಲದವರು ಏನು ಮಾಡುತ್ತಾರೆ? ಪೆಡಲ್ ಸುತ್ತು 60ರಿಂದ 45ಕ್ಕೆ, 40ಕ್ಕೆ ಇಳಿಯುತ್ತದೆ. ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಭಾರ ಬೀಳುತ್ತದೆ. ಮಂಡಿ ನೋವಿಗೆ ಸೀಟನ್ನು ಬೈಯುತ್ತೇವೆ, ಎಷ್ಟೋ ಸಲ ಕಾರಣ ಗೇರು.

ಹಾಗಾಗಿ ಇಲ್ಲಿಯವರು ಹಿಂದೆ ದೊಡ್ಡದು 34 ಹಲ್ಲಿನದಿರುವ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಕೇಳಿ ತಗೊಳ್ಳಿ. ಸೈಕಲ್ಲಿನಲ್ಲಿ 28 ಬಂದಿದ್ದರೆ ಬದಲಿಸಬಹುದು, ಆದರೆ ಹಿಂದಿನ ಡಿರೈಲರ್ ಅಷ್ಟು ದೊಡ್ಡದನ್ನು ನಿಭಾಯಿಸುತ್ತದೆಯೇ ಅಂತ ಮೊದಲೇ ವಿಚಾರಿಸಿ. ಡಿರೈಲರ್ ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೋಳು. ಸೈಕಲ್ ಗೇರು ತಯಾರಿಸುವ ಶಿಮಾನೊ ಕಂಪನಿಯ ಹಲವು ಗೇರುಗಳಲ್ಲಿ ಉದ್ದ ತೋಳಿನದು, ಗಿಡ್ಡ ತೋಳಿನದು ಅಂತ ಎರಡು ಬಗೆ ಬರುತ್ತವೆ. 34ಕ್ಕೆ ಸಾಮಾನ್ಯವಾಗಿ ಉದ್ದದ್ದೇ ಬೇಕು. ಗ್ರ್ಯಾವೆಲ್ ಬೈಕುಗಳಲ್ಲಿ ಮುಂದೆ 46 ಮತ್ತು 30 ಸಿಗುತ್ತದೆ. 30ಕ್ಕೆ 34 ಸೇರಿದರೆ 0.88, ಗಿರಿಗೆ ಇನ್ನೂ ಹಿತ.

ಶಿಮಾನೊದ ಮೆಟ್ಟಿಲುಗಳ ಬಗ್ಗೆ ಒಂದೇ ಮಾತು. ಕ್ಲಾರಿಸ್, ಸೋರಾ, ಟಿಯಾಗ್ರ, 105 ಅಂತ ಮೇಲೇರುತ್ತಾ ಹೋದರೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಹೆಚ್ಚುತ್ತದೆ, ಗೇರು ಬದಲಾಗುವುದು ನಯವಾಗುತ್ತದೆ. ಕೆಳಗಿನ ಮೆಟ್ಟಿಲಿನದರಲ್ಲಿ ಬೆಟ್ಟ ಹತ್ತಲಾಗದು ಅಂತೇನೂ ಇಲ್ಲ.

ಟೈರು ಮತ್ತು ಗಾಳಿ

ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆ ಹೇಗಿರುತ್ತದೆ ನಿಮಗೇ ಗೊತ್ತು. ಟಾರಿನ ಅಂಚು ಕಿತ್ತು ಹೋಗಿರುತ್ತದೆ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರು, ಜೀಪು ಎಳೆದು ತಂದ ಕೆಂಪು ಮಣ್ಣು ಒಂದು ಪದರ ಕೂತಿರುತ್ತದೆ. ಒಣಗಿದ್ದರೆ ಪುಡಿ, ನೆನೆದರೆ ಜಾರು. ಮರದ ನೆರಳಿನಲ್ಲಿ ಪಾಚಿ. ಊರು ಬಂದರೆ ಬಣ್ಣ ಬಳಿಯದ ಉಬ್ಬು.

ಇದಕ್ಕೆ 23, 25 ಮಿ.ಮೀ. ಟೈರು ಸಾಲದು. 28 ಕನಿಷ್ಠ, 32 ಹಿತ. ಕೊಳ್ಳುವ ಸೈಕಲ್ಲಿನಲ್ಲಿ 28ರದ್ದೇ ಬಂದಿದ್ದರೂ ಫ್ರೇಮು 32 ಹಿಡಿಯುತ್ತದೆಯೇ ನೋಡಿ. ಹಿಡಿಯುತ್ತದೆ ಅಂದರೆ ತುರುಕಿದರೆ ಕೂರುತ್ತದೆ ಅಂತಲ್ಲ. ಟೈರಿನ ಎರಡೂ ಪಕ್ಕ ಬೆರಳು ತೂರುವಷ್ಟಲ್ಲದಿದ್ದರೂ ಕಡ್ಡಿ ತೂರುವಷ್ಟಾದರೂ ಸಂದು ಇರಬೇಕು. ಇಲ್ಲದಿದ್ದರೆ ಟೈರಿಗೆ ಅಂಟಿದ ಮಣ್ಣು, ಸಣ್ಣ ಕಲ್ಲು ಪ್ರತಿ ಸುತ್ತಿಗೂ ಫ್ರೇಮನ್ನು ಉಜ್ಜಿ ಬಣ್ಣ ಕೀಳುತ್ತದೆ.

ಗಾಳಿಯ ವಿಷಯದಲ್ಲಿ ಎಂಟಿಬಿಯ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಅಲ್ಲಿ 25, 28 ಪಿಎಸ್‌ಐ ಸಾಕಿತ್ತು. ಇಲ್ಲಿ ಅಷ್ಟೇ ಹಾಕಿ ಗುಂಡಿಗೆ ಇಳಿಸಿದರೆ ಗುಂಡಿಯ ಅಂಚಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬು ಜಜ್ಜಿ ಅಕ್ಕಪಕ್ಕ ಎರಡು ತೂತು. ಹಾವು ಕಚ್ಚಿದ ಗುರುತಿನ ಹಾಗೆ ಕಾಣುವುದರಿಂದ ಸ್ನೇಕ್ ಬೈಟ್ ಅನ್ನುತ್ತಾರೆ. ಇನ್ನು ಕೆಲವರು "ರೋಡ್ ಬೈಕಿಗೆ ಕಲ್ಲಿನಂತೆ ಇರಬೇಕು" ಅಂತ 110, 120 ತುಂಬುತ್ತಾರೆ. ಅದೂ ಬೇಡ. ಸೈಕಲ್ ಪುಟಿದು ಕೈ ಜೋಮು ಹಿಡಿಯುತ್ತದೆ, ಒದ್ದೆಯಲ್ಲಿ ಹಿಡಿತವೂ ಕಮ್ಮಿ. 70 ಕಿಲೋ ತೂಕದವರು 28 ಮಿ.ಮೀ. ಟೈರಿಗೆ 70ರ ಆಸುಪಾಸು, 32ಕ್ಕೆ 55ರಿಂದ 60 ಇಟ್ಟು ಶುರು ಮಾಡಿ. ಮುಂದಿನದಕ್ಕೆ ಹಿಂದಿನದಕ್ಕಿಂತ ಎರಡು ಮೂರು ಕಮ್ಮಿ ಇರಲಿ. ಮೈತೂಕ ಜಾಸ್ತಿ ಇದ್ದರೆ ಏರಿಸಿ, ಕಮ್ಮಿ ಇದ್ದರೆ ಇಳಿಸಿ. ಟೈರಿನ ಮತ್ತು ರಿಮ್ಮಿನ ಮೇಲೆ ಬರೆದ ಗರಿಷ್ಠ ಮಿತಿ ದಾಟಬಾರದು. ಒಳಅಂಚಿಗೆ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಆದರೆ ಆ ಮಿತಿ 72.5 ಪಿಎಸ್‌ಐ, ಅದಕ್ಕೊಪ್ಪುವ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು.

ವಾಲ್ವ್ ತೆಳ್ಳಗಿನದು, ಪ್ರೆಸ್ಟಾ. ಪೆಟ್ರೋಲ್ ಬಂಕಿನ ಪೈಪು ನೇರವಾಗಿ ಕೂರುವುದಿಲ್ಲ. ಸೈಕಲ್ ತರುವ ದಿನವೇ ಮೀಟರ್ ಇರುವ ಒಂದು ನಿಲುವು ಪಂಪನ್ನೂ ತನ್ನಿ. ತೆಳು ಟೈರಿನಲ್ಲಿ ಗಾಳಿ ಬೇಗ ಇಳಿಯುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳುವುದು ರೂಢಿಯಾಗಬೇಕು.

ಬ್ರೇಕು

ಡಿಸ್ಕ್ ತಗೊಳ್ಳಿ. ರಿಮ್ ಬ್ರೇಕ್ ಒಣ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಮಳೆಯಲ್ಲಿ ಮಾತ್ರ ಮೊದಲು ರಿಮ್ಮಿನ ನೀರು ಒರೆಸಿ ಆಮೇಲೆ ಹಿಡಿಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಆ ಒಂದು ಕ್ಷಣ ಬಹಳ ದೊಡ್ಡದು. ಮುಂದಿನ ಬ್ರೇಕ್ ಯಾವ ಕೈಗೆ ಬಂದಿದೆ ಅಂತಲೂ ನೋಡಿ. ನಿಮ್ಮ ಎಂಟಿಬಿಯಲ್ಲಿ ಬಲಗೈಗಿದ್ದು ಇದರಲ್ಲಿ ಎಡಗೈಗೆ ಇದ್ದರೆ ಅಂಗಡಿಯಲ್ಲೇ ಅದಲುಬದಲು ಮಾಡಿಸಿಕೊಳ್ಳಿ.

ಹಳೆ ಸಾಮಾನು ಯಾವುದು ನಡೆಯುತ್ತದೆ?

29 ಇಂಚಿನ ಎಂಟಿಬಿಗೂ ರೋಡ್ ಬೈಕಿನ 700ಸಿ ಚಕ್ರಕ್ಕೂ ಟೈರು ಕೂರುವ ವ್ಯಾಸ ಒಂದೇ, 622 ಮಿ.ಮೀ. ಇದನ್ನು ನೋಡಿ ಚಕ್ರವೇ ಅದಲುಬದಲಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಈಗಿನ ಎಂಟಿಬಿಯ ಹಿಂದಿನ ಹಬ್ (ಚಕ್ರದ ನಡುಭಾಗ) ಹೆಚ್ಚಾಗಿ 148 ಮಿ.ಮೀ. ಅಗಲ, ರೋಡ್ ಡಿಸ್ಕ್ ಬೈಕಿನದ್ದು 142. ಮುಂದಿನದೂ ಹಾಗೆಯೇ, 110 ಮತ್ತು 100. ಎಂಟಿಬಿ ಡಿರೈಲರನ್ನು ರೋಡ್ ಬೈಕಿನ ಗೇರ್ ಲಿವರಿಗೆ ಜೋಡಿಸುವುದೂ ಹೆಚ್ಚಿನ ಹೊಸ ಕೇಬಲ್ ಗೇರುಗಳಲ್ಲಿ ನಡೆಯುವುದಿಲ್ಲ. ಒಂದು ಕ್ಲಿಕ್ಕಿಗೆ ಎಳೆಯುವ ಕೇಬಲ್ಲಿನ ಉದ್ದವೇ ಬೇರೆ.

ನಡೆಯುವುದು ಪೆಡಲ್ ಮತ್ತು ಬೂಟು. ಬೂಟಿನ ಅಡಿಯ ಕೊಕ್ಕೆ, ಅಂದರೆ ಕ್ಲೀಟು, ಪೆಡಲಿಗೆ ಸಿಕ್ಕಿಕೊಳ್ಳುವ ಎರಡು ಬೋಲ್ಟಿನ ಎಸ್‌ಪಿಡಿ ಹಾಕುತ್ತಿದ್ದರೆ ಅದನ್ನೇ ರೋಡ್ ಬೈಕಿಗೂ ಹಾಕಿ. ರೋಡ್ ಬೂಟಿನ ಕ್ಲೀಟು ಅಟ್ಟೆಯಿಂದ ಹೊರಗೆ ಚಾಚಿರುತ್ತದೆ, ನಡೆದಾಡಲು ಕಷ್ಟ. ದಾರಿಯಲ್ಲಿ ಇಳಿದು ಹೋಟೆಲಿಗೆ ಹೋಗಿ ದೋಸೆ ತಿನ್ನುವವರಿಗೆ ಹಳೆ ಬೂಟೇ ವಾಸಿ. ಹೆಲ್ಮೆಟ್, ಪ್ಯಾಡ್ ಇರುವ ಚಡ್ಡಿ, ಲೈಟು ಎಲ್ಲವೂ ನಡೆಯುತ್ತವೆ.

ಫಿಟ್ಟಿಂಗ್: ಕೆಳಗಿನಿಂದ ಮೇಲಕ್ಕೆ

ಮೈಗೆ ಹೊಂದಿಸುವ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಸೀಟಿನ ಎತ್ತರ, ಆಮೇಲೆ ಅದರ ಹಿಂದೆ ಮುಂದೆ, ಕೊನೆಗೆ ಹ್ಯಾಂಡಲ್. ತಿರುಗಿಸಿ ಮಾಡಿದರೆ ಒಂದು ಸರಿ ಮಾಡಿದಾಗ ಇನ್ನೊಂದು ಕೆಡುತ್ತದೆ.

ಎತ್ತರಕ್ಕೆ ಒಳಗಾಲಿನ ಅಳತೆ ಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲ ಸಂದಿಗೆ ತಂದು, ಪುಸ್ತಕದ ಹೊಲಿದ ಬದಿ ಮೇಲೆ ಬರುವಂತೆ, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಗಟ್ಟಿಯಾಗಿ ಮೇಲಕ್ಕೆ ಒತ್ತಿ. ಮನೆಯವರು ಯಾರಾದರೂ ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಲಿ. ನೆಲದಿಂದ ಆ ಗೆರೆಗೆ ಎಷ್ಟು ಅಂತ ಅಳೆಯಿರಿ. ಇದನ್ನು 0.883ರಿಂದ ಗುಣಿಸಿದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಅಮೆರಿಕದ ಸೈಕಲ್ ಪಟು ಗ್ರೆಗ್ ಲೆಮಾಂಡ್ ಹೆಸರಿನಿಂದ ಪ್ರಸಿದ್ಧವಾದ ಸೂತ್ರ ಇದು. ಒಳಗಾಲು 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಬೂಟು, ಪೆಡಲ್ಲಿನ ದಪ್ಪ ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಇದನ್ನು ಶುರು ಮಾಡುವ ಜಾಗ ಅಂತ ಮಾತ್ರ ತಿಳಿಯಿರಿ. ಅಲ್ಲಿಂದ ಎರಡು ಮೂರು ಮಿಲಿಮೀಟರಿನಂತೆ ಹೊಂದಿಸಿ.

ಸರಿ ಇದೆಯೇ ಅಂತ ನೋಡಲು ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಎಂಟಿಬಿಯವರಿಗೆ ಈ ಎತ್ತರ ಮೊದಲ ದಿನ ಹೆದರಿಕೆ ಹುಟ್ಟಿಸುತ್ತದೆ, ಯಾಕೆಂದರೆ ಅಲ್ಲಿ ಇಳಿಜಾರಿಗೆ ಬೇಕು ಅಂತ ಸೀಟು ತಗ್ಗಿಸಿಯೇ ಇಟ್ಟಿರುತ್ತಾರೆ. ಕೂತಲ್ಲೇ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನುವ ಆಸೆ ಬಿಡಿ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲಬೇಕು.

ಇನ್ನು ಸೀಟಿನ ಹಿಂದೆ ಮುಂದೆ. ಈಗಿನ ಎಂಟಿಬಿಗಳಲ್ಲಿ ಸೀಟಿನ ಕೊಳವೆ ನೆಟ್ಟಗೆ, ಸವಾರ ಹೆಚ್ಚುಕಡಿಮೆ ಪೆಡಲ್ಲಿನ ಮೇಲೇ ಕೂರುತ್ತಾನೆ. ರೋಡ್ ಬೈಕಿನಲ್ಲಿ 73, 74 ಡಿಗ್ರಿ, ಸ್ವಲ್ಪ ಹಿಂದಕ್ಕೆ. ಇದರಿಂದ "ನಾನು ಹಿಂದೆ ಬಿದ್ದಿದ್ದೇನೆ, ಹ್ಯಾಂಡಲ್ ದೂರ" ಅನ್ನಿಸಿ ಎಷ್ಟೋ ಜನ ಸೀಟನ್ನೇ ಮುಂದಕ್ಕೆ ತಳ್ಳುತ್ತಾರೆ. ದೂರ ಕಮ್ಮಿಯಾಗುತ್ತದೆ ನಿಜ, ಆದರೆ ಮೈಭಾರ ಪೂರ್ತಿ ಕೈಗೆ ಬರುತ್ತದೆ. ಸೀಟಿನ ಜಾಗ ತೀರ್ಮಾನ ಆಗಬೇಕಾದದ್ದು ಕಾಲಿಗೆ. ಕೈಯ ದೂರಕ್ಕೆ ಸ್ಟೆಮ್ ಇದೆ. ಪೆಡಲ್ ತೋಳು ನೆಲಕ್ಕೆ ಸಮನಾಗಿ ಇದ್ದಾಗ ಮುಂದಿನ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ಅದು ಪಾದ ಇಟ್ಟಿರುವ ಪೆಡಲ್ಲಿನದೇ ಅಚ್ಚಿನ ಹತ್ತಿರ ಬಂದರೆ ಶುರು ಮಾಡಲು ಸಾಕು. ಸೀಟು ಮಟ್ಟವಾಗಿರಲಿ, ಮೂಗು ಹೆಚ್ಚೆಂದರೆ ಒಂದೆರಡು ಡಿಗ್ರಿ ಕೆಳಗೆ.

ಕೊನೆಗೆ ಹ್ಯಾಂಡಲ್. ಇಲ್ಲಿ ಸೈಕಲ್ಲಿನ ಜತೆ ಮೈಯೂ ಸ್ವಲ್ಪ ಬದಲಾಗಬೇಕು. ಬಾಗುವುದು ಬೆನ್ನಿನಿಂದ ಅಲ್ಲ, ಸೊಂಟದ ಕೀಲಿನಿಂದ. ಗದ್ದೆಯಲ್ಲಿ ನಾಟಿ ಮಾಡುವವರನ್ನು ನೋಡಿ. ದಿನವಿಡೀ ಬಾಗಿರುತ್ತಾರೆ, ಬೆನ್ನು ಗೂನಾಗುವುದಿಲ್ಲ, ಸೊಂಟದಲ್ಲಿ ಮಡಚಿದ ಹಾಗೆ ಇರುತ್ತಾರೆ, ಕೈ ಸಡಿಲ. ಹುಡ್ ಮೇಲೆ ಕೈ ಇಟ್ಟಾಗ ಅದೇ ಭಂಗಿ ಬರಬೇಕು. ಮೊಣಕೈಯಲ್ಲಿ ಸಣ್ಣ ಮಡಿಕೆ ಇರಬೇಕು. ಪರೀಕ್ಷೆ ಸುಲಭ: ತುಳಿಯುತ್ತಾ ಇರುವಾಗಲೇ ಎರಡೂ ಕೈಯ ಭಾರ ಒಂದು ಕ್ಷಣ ಹಗುರ ಮಾಡಿ, ಹುಡ್‌ಗೆ ಬೆರಳು ತಾಗಿರಲಿ ಅಷ್ಟೇ. ಮೈ ಮುಂದಕ್ಕೆ ಕುಸಿದರೆ ಹ್ಯಾಂಡಲ್ ದೂರ ಅಥವಾ ತಗ್ಗು, ಇಲ್ಲವೇ ಸೀಟು ಬಹಳ ಮುಂದೆ. ಇದನ್ನು ವಾಹನ ಓಡಾಡದ ರಸ್ತೆಯಲ್ಲೇ ಮಾಡಿ.

ಹೊಸಬರು ಎಲ್ಲ ಬಳೆಗಳನ್ನೂ ಸ್ಟೆಮ್ಮಿನ ಕೆಳಗೇ ಇಟ್ಟು ಶುರು ಮಾಡುವುದು ಒಳ್ಳೆಯದು. ತಿಂಗಳು ಎರಡು ತಿಂಗಳಲ್ಲಿ ಮೈ ಒಗ್ಗಿದ ಹಾಗೆ ಒಂದೊಂದನ್ನೇ ಮೇಲಕ್ಕೆ ಹಾಕಿ ಹ್ಯಾಂಡಲ್ ತಗ್ಗಿಸಬಹುದು. ಒಗ್ಗದಿದ್ದರೆ ತಗ್ಗಿಸಲೇಬೇಕೆಂದು ಎಲ್ಲೂ ಬರೆದಿಲ್ಲ. ಫೋರ್ಕಿನ ಕೊಳವೆಯನ್ನು ಕತ್ತರಿಸಲು ಅವಸರ ಮಾಡಬೇಡಿ, ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಸ್ಟೆಮ್ ಬೋಲ್ಟುಗಳನ್ನು ಅದರ ಮೇಲೆ ಬರೆದಷ್ಟೇ ಬಿಗಿ ಮಾಡಿ. ಬಹಳ ಕಡೆ ಅದು 5 ನ್ಯೂಟನ್ ಮೀಟರ್. ಕಾರ್ಬನ್ನಿಗೆ ಅಂದಾಜಿನ ಕೈ ನಡೆಯದು, ಬಿಗಿತ ತೋರಿಸುವ ಟಾರ್ಕ್ ಸ್ಪ್ಯಾನರ್ ಬೇಕು.

ನೋವು ಎಲ್ಲಿ, ಕಾರಣ ಎಲ್ಲಿ

ಮಂಡಿಯ ಮುಂಭಾಗ ನೋವಾದರೆ ಹೆಚ್ಚಾಗಿ ಸೀಟು ತಗ್ಗು, ಇಲ್ಲವೇ ಭಾರದ ಗೇರು. ಮಂಡಿಯ ಹಿಂದೆ ನೋವಾದರೆ ಸೀಟು ಎತ್ತರ. ತುಳಿಯುವಾಗ ಸೊಂಟ ಅತ್ತಿತ್ತ ಆಡುವುದು ಹಿಂದಿನಿಂದ ಬರುವ ಗೆಳೆಯರಿಗೆ ಕಂಡರೆ ಅದೂ ಎತ್ತರದ್ದೇ ಗುರುತು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುವುದು ಅಂಗೈ ಅಂಚಿನ ನರ ಒತ್ತಿದ್ದರಿಂದ. ಕೈ ಮೇಲಿನ ಭಾರ ಇಳಿಸಿ, ಟೈರಿನ ಗಾಳಿ ಕಮ್ಮಿ ಮಾಡಿ, ಹಿಡಿಯುವ ಜಾಗ ಆಗಾಗ ಬದಲಿಸಿ. ಕುತ್ತಿಗೆ ನೋವು ಮೊದಲೆರಡು ವಾರ ಬಹಳ ಜನರಿಗೆ ಸ್ವಲ್ಪ ಇರುತ್ತದೆ, ಆಮೇಲೂ ಇದ್ದರೆ ಹ್ಯಾಂಡಲ್ ದೂರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆ ಅಳತೆ ಬರೆದಿಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತು ಅಂತ ತಿಳಿಯುವುದೇ ಇಲ್ಲ. ಇಷ್ಟೆಲ್ಲ ಮಾಡಿಯೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಇಳಿಯುವಾಗ

ಎಂಟಿಬಿಯಲ್ಲಿ ಇಳಿಜಾರು ಬಂದರೆ ಸೀಟು ತಗ್ಗಿಸಿ, ಒಂದು ಬೆರಳಲ್ಲಿ ಬ್ರೇಕ್ ಹಿಡಿದು ಇಳಿಯುತ್ತಿದ್ದಿರಿ. ಇಲ್ಲಿ ಸೀಟು ತಗ್ಗುವುದಿಲ್ಲ. ಮುಂದಿನ ಫೋರ್ಕ್ ನೆಟ್ಟಗಿದೆ, ಎರಡು ಚಕ್ರಗಳ ನಡುವಿನ ದೂರವೂ ಕಮ್ಮಿ. ಹಾಗಾಗಿ ಹ್ಯಾಂಡಲ್ ಸ್ವಲ್ಪ ಅಲುಗಿದರೂ ಸೈಕಲ್ ತಿರುಗುತ್ತದೆ. ಟೈರಿನ ಹಿಡಿತದ ಜಾಗವೂ ಬೆರಳಗಲ. ಗಿರಿಯಿಂದ ಇಳಿಯುವಾಗ ಕೈ ಡ್ರಾಪ್‌ನಲ್ಲಿರಲಿ. ಹುಡ್ ಮೇಲಿಂದ ಹಿಡಿಯುವುದಕ್ಕಿಂತ ಅಲ್ಲಿಂದ ಲಿವರಿಗೆ ಬಲ ಜಾಸ್ತಿ ಬೀಳುತ್ತದೆ, ಮೈಯೂ ತಗ್ಗುತ್ತದೆ, ಗುಂಡಿಗೆ ಬಿದ್ದರೂ ಕೈ ಜಾರುವುದಿಲ್ಲ. ಸೀಟಿನ ಹಿಂಬದಿಗೆ ಸರಿಯಿರಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಹೊರಗಿನ ಕಾಲಿನ ಪೆಡಲ್ ಕೆಳಗಿರಲಿ, ಭಾರ ಅದರ ಮೇಲೆ ಇರಲಿ.

ಡ್ರಾಪ್ ಹಿಡಿದಾಗ ಬೆರಳು ಲಿವರಿಗೆ ಎಟುಕುತ್ತಿಲ್ಲ ಅನ್ನುವ ದೂರು, ಅಂಗೈ ಚಿಕ್ಕದಿರುವವರಿಂದ ಮುಖ್ಯವಾಗಿ, ಬಹಳ ಸಲ ಬರುತ್ತದೆ. ಈಗಿನ ಹೆಚ್ಚಿನ ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ, ಹುಡ್‌ನ ರಬ್ಬರ್ ಸರಿಸಿದರೆ ಅಥವಾ ಲಿವರಿನ ಮುಂಭಾಗದಲ್ಲಿ ಕಾಣುತ್ತದೆ. ಅಲೆನ್ ಕೀಲಿಯಿಂದ ಕಾಲು ಸುತ್ತಿನಂತೆ ತಿರುಗಿಸಿ. ಪೂರ್ತಿ ಹಿಡಿದಾಗ ಲಿವರ್ ಹ್ಯಾಂಡಲಿಗೆ ತಾಗಬಾರದು. ಇದನ್ನು ಸೈಕಲ್ ತಂದ ದಿನವೇ ಮನೆ ಮುಂದೆ ಮಾಡಿಕೊಳ್ಳಿ, ಎರಡೂ ಕಡೆ ಒಂದೇ ಹದ ಬಂದ ಮೇಲೆ ಕೈಮರದ ಕಡೆ ಹೊರಡಿ.